ಸದ್ದಿಲ್ಲದೆ ಕೆಡುವ ಫೈಲುಗಳು

ಹಾರ್ಡ್ ಡಿಸ್ಕ್ ಪೂರ್ತಿ ಕೈಕೊಟ್ಟರೆ ಆ ಕ್ಷಣವೇ ಗೊತ್ತಾಗುತ್ತದೆ. ಕಂಪ್ಯೂಟರ್ ಅದನ್ನು ಗುರುತಿಸುವುದಿಲ್ಲ, ಇಲ್ಲವೇ ಒಳಗಿನಿಂದ ಕಟಕಟ ಸದ್ದು ಬರುತ್ತದೆ, ನಾವು ಎದ್ದುಬಿದ್ದು ಬ್ಯಾಕಪ್ ಹುಡುಕುತ್ತೇವೆ. ಬ್ಯಾಕಪ್ ಬಗ್ಗೆ ತಿಳಿದವರು ಕೊಡುವ ಸಲಹೆಗಳು ಬಹುಮಟ್ಟಿಗೆ ಈ ಅನಾಹುತವನ್ನೇ ಕಣ್ಣಮುಂದೆ ಇಟ್ಟುಕೊಂಡು ಹುಟ್ಟಿದವು: ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದಾದರೂ ಬೇರೆ ಜಾಗದಲ್ಲಿರಲಿ. ಒಳ್ಳೆಯ ಸಲಹೆ, ನಾನೂ ಪಾಲಿಸುತ್ತೇನೆ. ಆದರೆ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಬಗೆಯ ನಷ್ಟ. ಫೈಲ್ ಇದ್ದಲ್ಲೇ ಇರುತ್ತದೆ. ಹೆಸರು ಅದೇ, ಗಾತ್ರ ಅದೇ, ದಿನಾಂಕವೂ ಅದೇ. ಒಳಗೆಲ್ಲೋ ಒಂದು ಬಿಟ್, ಅಂದರೆ ಫೈಲನ್ನು ಬರೆದಿಡುವ 0 ಮತ್ತು 1ಗಳಲ್ಲಿ ಒಂದು, 0 ಇದ್ದದ್ದು 1 ಆಗಿದೆ, ಅಷ್ಟೇ. ಯಾವ ಎಚ್ಚರಿಕೆಯೂ ಬಂದಿಲ್ಲ, ಬರುವುದೂ ಇಲ್ಲ. ಆ ಫೈಲನ್ನು ನಾವು ಮತ್ತೆ ತೆರೆಯುವ ಹೊತ್ತಿಗೆ ಹತ್ತು ವರ್ಷ ಕಳೆದಿರಬಹುದು.

ಬ್ಯಾಕಪ್ ಇದ್ದರೆ ಇದಕ್ಕೆ ಪರಿಹಾರ ಇದ್ದಂತೆಯೇ ಎಂದು ತೋರುತ್ತದೆ, ಆದರೆ ಬ್ಯಾಕಪ್ ತಂತ್ರಾಂಶಕ್ಕೆ ಒಳ್ಳೆಯ ಫೈಲ್ ಯಾವುದು, ಕೆಟ್ಟ ಫೈಲ್ ಯಾವುದು ಎಂಬ ವಿವೇಚನೆ ಇರುವುದಿಲ್ಲ. ಕೊಟ್ಟದ್ದನ್ನು ನಿಷ್ಠೆಯಿಂದ ನಕಲು ಮಾಡುವುದು ಅದರ ಕೆಲಸ. ಮೂಲ ಕೆಟ್ಟಿದ್ದರೆ ಕೆಟ್ಟದ್ದನ್ನೇ ಅಷ್ಟೇ ನಿಷ್ಠೆಯಿಂದ ನಕಲು ಮಾಡುತ್ತದೆ. ಹಳೆಯ ಡಿಸ್ಕ್‌ನಿಂದ ಹೊಸ ಡಿಸ್ಕ್‌ಗೆ ಎಲ್ಲವನ್ನೂ ವರ್ಗಾಯಿಸುವಾಗ ಆದ ತಪ್ಪು ಹೊಸ ಡಿಸ್ಕ್‌ನ ಬ್ಯಾಕಪ್‌ಗೂ, ಅದರ ಬ್ಯಾಕಪ್‌ಗೂ ಹರಡುತ್ತದೆ. ಜಾಗ ಸಾಲದೆ ಹಳೆಯ ಪ್ರತಿಗಳನ್ನು ಅಳಿಸುವುದು ಎಲ್ಲರೂ ಮಾಡುವ ಕೆಲಸ, ಹಾಗೆ ಅಳಿಸಿದ ದಿನ ಕೊನೆಯ ಸರಿಯಾದ ಪ್ರತಿ ಹೋಗಿಬಿಡುತ್ತದೆ. ಹಾಗಾಗಿ ಈ ವಿಷಯದಲ್ಲಿ ಅವಧಿಯೇ ಎಲ್ಲಕ್ಕಿಂತ ಮುಖ್ಯ. ಫೈಲ್ ಕೆಟ್ಟ ದಿನಕ್ಕೂ ಕೆಟ್ಟಿದೆ ಎಂದು ತಿಳಿಯುವ ದಿನಕ್ಕೂ ನಡುವೆ ಇರುವ ಅಂತರ ಹಳೆಯ ಪ್ರತಿಗಳ ಆಯುಸ್ಸಿಗಿಂತ ಕಡಿಮೆ ಇದ್ದರೆ ಫೈಲ್ ಉಳಿಯುತ್ತದೆ. ಚೆಕ್‌ಸಮ್ (ಫೈಲಿನ ಒಳಗಿನ ಮಾಹಿತಿಯಿಂದ ಲೆಕ್ಕ ಹಾಕಿ ಬರೆದಿಡುವ ತಾಳೆಯ ಸಂಖ್ಯೆ) ಮಾಡುವುದು ಈ ಅಂತರವನ್ನು ಕಿರಿದಾಗಿಸುವ ಕೆಲಸವನ್ನು.

ಒಂದು ಬಿಟ್ ತಿರುಗಿದರೆ ಏನು ಮಹಾ ಎನಿಸಬಹುದು. ಅದು ಯಾವ ಫೈಲಿನಲ್ಲಿ, ಎಲ್ಲಿ ತಿರುಗಿತು ಎಂಬುದರ ಮೇಲೆ ಉತ್ತರ ನಿಂತಿದೆ. ಸಂಕುಚಿತಗೊಳಿಸದ ಚಿತ್ರವಾದರೆ ಒಂದು ಚುಕ್ಕೆಯ ಬಣ್ಣ ತುಸು ಬದಲಾಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಜೆಪೆಗ್ ಚಿತ್ರದ ಕಥೆ ಬೇರೆ. ಅದರಲ್ಲಿ ಮಾಹಿತಿಯನ್ನು ಬೇರೆ ಬೇರೆ ಉದ್ದದ ಸಂಕೇತಗಳಾಗಿ ಒಂದರ ಹಿಂದೆ ಒಂದು ಪೋಣಿಸಿರುತ್ತಾರೆ. ನಡುವೆ ಒಂದು ಬಿಟ್ ತಪ್ಪಿದರೆ ಮುಂದಿನ ಸಂಕೇತ ಎಲ್ಲಿ ಶುರುವಾಗುತ್ತದೆ ಎಂಬ ಲೆಕ್ಕವೇ ತಪ್ಪುತ್ತದೆ. ಮೇಲಿನ ಅರ್ಧದಲ್ಲಿ ಮುಖಗಳು ಸ್ಪಷ್ಟವಾಗಿ ಕಾಣುತ್ತಿರುತ್ತವೆ, ಕೆಳಗಿನ ಅರ್ಧ ಪಕ್ಕಕ್ಕೆ ಸರಿದು ನೇರಳೆಯೋ ಬೂದುಬಣ್ಣವೋ ಆಗಿರುತ್ತದೆ. ಇಷ್ಟಾದರೂ ತೆರೆದು ನೋಡಿದವರಿಗೆ ಗೊತ್ತಾಗುತ್ತದೆ. ನೋಡಿದರೂ ಗೊತ್ತಾಗದ್ದು ಇನ್ನೊಂದಿದೆ. ಸಾದಾ ಪಠ್ಯದ ಫೈಲಿನಲ್ಲಿ 1 ಎಂಬ ಅಂಕಿಯನ್ನು 00110001 ಎಂದೂ 9 ಎಂಬ ಅಂಕಿಯನ್ನು 00111001 ಎಂದೂ ಬರೆದಿಡುತ್ತಾರೆ. ಇವೆರಡರ ನಡುವೆ ಇರುವುದು ಒಂದೇ ಬಿಟ್‌ನ ವ್ಯತ್ಯಾಸ. ಒಂದು ಬಿಟ್ ಮಗುಚಿದರೆ 1,000 ಎಂಬುದು 9,000 ಆಗುತ್ತದೆ. ಫೈಲ್ ಚೆನ್ನಾಗಿಯೇ ತೆರೆಯುತ್ತದೆ, ಓದಲೂ ಬರುತ್ತದೆ, ಹೇಳುವುದು ಮಾತ್ರ ಸುಳ್ಳು. ನನಗೆ ಚಿತ್ರ ಹರಿದುಹೋಗುವುದಕ್ಕಿಂತ ಇದು ದೊಡ್ಡ ಕೇಡಾಗಿ ಕಾಣುತ್ತದೆ.

ಡಿಸ್ಕ್‌ಗಳು ಇಂಥ ತಪ್ಪುಗಳನ್ನು ತಾವೇ ಹಿಡಿಯುವುದಿಲ್ಲವೇ? ಹಿಡಿಯುತ್ತವೆ. ತನ್ನ ಮೇಲ್ಮೈಯ ಸಣ್ಣ ಭಾಗವಾದ ಪ್ರತಿ ಸೆಕ್ಟರ್‌ನ ಜೊತೆಗೂ ದೋಷ ತಿದ್ದುವ ಸಂಕೇತವನ್ನು ಡಿಸ್ಕ್ ಬರೆದಿಡುತ್ತದೆ, ಸಣ್ಣ ತಪ್ಪುಗಳನ್ನು ತಾನೇ ತಿದ್ದಿಕೊಳ್ಳುತ್ತದೆ, ತಿದ್ದಲಾಗದಿದ್ದರೆ ಓದಲು ಆಗಲಿಲ್ಲ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತದೆ. ಆದರೆ ಮಾಹಿತಿ ಡಿಸ್ಕ್‌ನ ಮೇಲ್ಮೈ ತಲುಪುವ ಮೊದಲು ಸಾಗುವ ದಾರಿ ಉದ್ದವಾಗಿದೆ. ದೋಷ ಪತ್ತೆಯ ವ್ಯವಸ್ಥೆಯಿಲ್ಲದ ಸಾಮಾನ್ಯ ರ‍್ಯಾಮ್, ಕೇಬಲ್, ನಡುವಿನ ಯುಎಸ್‌ಬಿ ಸರ್ಕ್ಯೂಟ್, ಚಾಲಕ ತಂತ್ರಾಂಶ, ಡಿಸ್ಕ್‌ನ ಒಳಗಿನ ಫರ್ಮ್‌ವೇರ್ (ಅದನ್ನು ನಡೆಸುವ ತಂತ್ರಾಂಶ) ಇವುಗಳಲ್ಲಿ ಎಲ್ಲಿ ತಪ್ಪು ನುಸುಳಿದರೂ ಡಿಸ್ಕ್ ಆ ತಪ್ಪನ್ನೇ ಸರಿಯೆಂದು ತಿಳಿದು ಅಚ್ಚುಕಟ್ಟಾಗಿ ಬರೆಯುತ್ತದೆ. ಸರಿಯಾದ ಮಾಹಿತಿಯನ್ನು ತಪ್ಪು ಜಾಗದಲ್ಲಿ ಬರೆಯುವುದೂ ಉಂಟು, ಬರೆದೆ ಎಂದು ಹೇಳಿ ಬರೆಯದೆ ಬಿಡುವುದೂ ಉಂಟು.

ಇದು ಅಂಜುಬುರುಕರ ಕಲ್ಪನೆಯಲ್ಲ. ಯುರೋಪಿನ ಭೌತವಿಜ್ಞಾನ ಸಂಶೋಧನಾ ಕೇಂದ್ರ ಸರ್ನ್ 2007ರಲ್ಲಿ ತನ್ನ ಸರ್ವರ್‌ಗಳಲ್ಲೇ ಪರೀಕ್ಷೆ ನಡೆಸಿತು. ಗೊತ್ತಿರುವ ವಿನ್ಯಾಸದ ದತ್ತಾಂಶವನ್ನು ಡಿಸ್ಕ್‌ಗೆ ಬರೆದು, ಮತ್ತೆ ಓದಿ ತಾಳೆ ನೋಡಿದಾಗ ಯಾವ ದೂರೂ ದಾಖಲಾಗದೆ ಬದಲಾಗಿದ್ದ ಭಾಗಗಳು ಸಿಕ್ಕವು. ಮರುವರ್ಷ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮತ್ತು ನೆಟ್‌ಆ್ಯಪ್ ಸಂಸ್ಥೆಯ ಸಂಶೋಧಕರು ಸೇರಿ ಪ್ರಕಟಿಸಿದ ಅಧ್ಯಯನ ಇನ್ನೂ ವಿಶಾಲವಾದದ್ದು. 15.3 ಲಕ್ಷ ಡಿಸ್ಕ್‌ಗಳನ್ನು 41 ತಿಂಗಳು ಗಮನಿಸಿದ ಅವರಿಗೆ ಚೆಕ್‌ಸಮ್ ತಾಳೆಯಾಗದ 4 ಲಕ್ಷಕ್ಕೂ ಹೆಚ್ಚು ಪ್ರಸಂಗಗಳು ಕಂಡವು. ದುಬಾರಿ ಡಿಸ್ಕ್‌ಗಳಿಗೆ ಹೋಲಿಸಿದರೆ ಕಡಿಮೆ ಬೆಲೆಯ ಬಗೆಯಲ್ಲಿ ಈ ತೊಂದರೆ ಸುಮಾರು ಹತ್ತುಪಟ್ಟು ಹೆಚ್ಚಿತ್ತು. ಮನೆಗಳಲ್ಲಿ ನಾವು ಬಳಸುವ ಡಿಸ್ಕ್‌ಗಳು ಯಾವ ಗುಂಪಿಗೆ ಹತ್ತಿರ ಎಂದು ಬೇರೆ ಹೇಳಬೇಕಿಲ್ಲ. ಹಾಗೆಂದು ಗಾಬರಿ ಬೀಳುವ ಅಗತ್ಯವೂ ಇಲ್ಲ. ಒಬ್ಬ ವ್ಯಕ್ತಿಯ ಸಂಗ್ರಹದಲ್ಲಿ ಇಂಥದ್ದು ನಡೆಯುವುದು ಅಪರೂಪ. ಆದರೆ ನಡೆದಾಗ ತಿಳಿಯುವ ದಾರಿಯೇ ಇಲ್ಲದಿರುವುದು ನನಗೆ ಒಪ್ಪಿಗೆಯಾಗದ ಸಂಗತಿ.

ಚೆಕ್‌ಸಮ್‌ನ ಮೂಲ ಕಲ್ಪನೆ ಬಹಳ ಸರಳವಾದದ್ದು. ಲೆಕ್ಕದ ಪುಸ್ತಕದ ಪ್ರತಿ ಪುಟದ ಕೊನೆಗೆ ಮೊತ್ತ ಬರೆದಿಡುತ್ತಾರಲ್ಲ, ಹಾಗೆ. ಪುಟದಲ್ಲಿ ಯಾವುದೋ ಅಂಕಿ ಅಳಿಸಿದ್ದರೆ ಮತ್ತೆ ಕೂಡಿದಾಗ ಮೊತ್ತ ಕೂಡುವುದಿಲ್ಲ. ಪುಸ್ತಕಗಳ ಬೆನ್ನಿನ ಐಎಸ್‌ಬಿಎನ್ ಸಂಖ್ಯೆಯ ಕೊನೆಯ ಅಂಕಿ, ಬ್ಯಾಂಕ್ ಕಾರ್ಡ್ ಸಂಖ್ಯೆಯ ಕೊನೆಯ ಅಂಕಿ ಇವೆಲ್ಲ ಇದೇ ಕೆಲಸಕ್ಕೆ ಇರುವಂಥವು. ಕಾರ್ಡ್‌ಗಳಲ್ಲಿ ಬಳಸುವ ವಿಧಾನಕ್ಕೆ ಐಬಿಎಂನ ಹಾನ್ಸ್ ಪೀಟರ್ ಲೂನ್ 1954ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರು. ಫೈಲುಗಳಿಗೆ ಬಳಸುವ ಎಸ್‌ಎಚ್‌ಎ-256 ಇದೇ ಕಲ್ಪನೆಯ ಬಹಳ ಮುಂದುವರಿದ ರೂಪ. ಫೈಲ್ ಒಂದು ಸಾಲಿನದ್ದಾಗಿರಲಿ, ಎರಡು ಗಂಟೆಯ ವಿಡಿಯೊ ಆಗಿರಲಿ, ಅದು ಕೊಡುವುದು 256 ಬಿಟ್‌ಗಳ, ಅಂದರೆ ಅಂಕಿಗಳೂ ಇಂಗ್ಲಿಷ್ ಅಕ್ಷರಗಳೂ ಬೆರೆತ 64 ಅಕ್ಷರಗಳಲ್ಲಿ ಬರೆಯಬಹುದಾದ ಒಂದು ಸಂಖ್ಯೆಯನ್ನು. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಈ ಸಂಖ್ಯೆಯ ಸರಿಸುಮಾರು ಅರ್ಧದಷ್ಟು ಬಿಟ್‌ಗಳು ಬದಲಾಗುತ್ತವೆ. ಹಾಗಾಗಿ ಸೂಕ್ಷ್ಮವಾಗಿ ಹೋಲಿಸುವ ಕಷ್ಟವೂ ಇಲ್ಲ. ತಾಳೆಯಾದರೆ ಪೂರ್ತಿ ತಾಳೆಯಾಗುತ್ತದೆ, ಇಲ್ಲದಿದ್ದರೆ ಎದ್ದು ಕಾಣುವಷ್ಟು ಬೇರೆಯಾಗಿರುತ್ತದೆ.

ಯಾವ ಚೆಕ್‌ಸಮ್ ಒಳ್ಳೆಯದು ಎಂಬ ವಾದ ಬಹಳ ನಡೆಯುತ್ತದೆ, ಅಷ್ಟು ನಡೆಯಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ರೊನಾಲ್ಡ್ ರಿವೆಸ್ಟ್ 1991ರಲ್ಲಿ ರೂಪಿಸಿದ ಎಂಡಿ5 ಎಂಬ ಚೆಕ್‌ಸಮ್ ವಿಧಾನವನ್ನು ಚೀನಾದ ಗಣಿತಜ್ಞೆ ವಾಂಗ್ ಶಿಯಾವ್ಯುನ್ ಮತ್ತು ಸಂಗಡಿಗರು 2004ರಲ್ಲಿ ಮುರಿದರು, ಅಂದರೆ ಬೇರೆ ಬೇರೆ ಮಾಹಿತಿಗೆ ಒಂದೇ ಸಂಖ್ಯೆ ಬರುವಂತೆ ಮಾಡಿ ತೋರಿಸಿದರು. ಎಸ್‌ಎಚ್‌ಎ-1ರ ಸರದಿ 2017ರಲ್ಲಿ ಬಂತು. ಆಮ್‌ಸ್ಟರ್‌ಡ್ಯಾಮಿನ ಗಣಿತ ಸಂಸ್ಥೆಯೊಂದರ ಮತ್ತು ಗೂಗಲ್‌ನ ಸಂಶೋಧಕರು ಒಂದೇ ಚೆಕ್‌ಸಮ್ ಇರುವ ಎರಡು ಬೇರೆ ಬೇರೆ ಪಿಡಿಎಫ್‌ಗಳನ್ನು ತಯಾರಿಸಿ ತೋರಿಸಿದರು. ಇವೆರಡೂ ಬೇಕೆಂದೇ ಮೋಸ ಮಾಡುವವರ ವಿರುದ್ಧದ ಸೋಲುಗಳು. ಡಿಸ್ಕ್‌ಗೆ ಮೋಸ ಮಾಡುವ ಉದ್ದೇಶವಿರುವುದಿಲ್ಲ. ಆಕಸ್ಮಿಕವಾಗಿ ಕೆಟ್ಟ ಫೈಲ್ ತನ್ನ ಹಳೆಯ ಎಂಡಿ5 ಸಂಖ್ಯೆಯನ್ನೇ ಮತ್ತೆ ಕೊಡುವ ಸಂಭವ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದಲ್ಲ. ಜಿಪ್ ಮತ್ತು ಪಿಎನ್‌ಜಿ ಫೈಲುಗಳ ಒಳಗೇ ಇರುವ, ಬರೀ 32 ಬಿಟ್‌ಗಳ ಸಿಆರ್‌ಸಿ ಎಂಬ ಚೆಕ್‌ಸಮ್ ಕೂಡ ಬಿಟ್ ಮಗುಚಿದ್ದನ್ನು ಚೆನ್ನಾಗಿಯೇ ಹಿಡಿಯುತ್ತದೆ. ಹೊಸದಾಗಿ ಶುರು ಮಾಡುವವರಿಗೆ ಎಸ್‌ಎಚ್‌ಎ-256 ಎನ್ನುತ್ತೇನೆ. ಎಲ್ಲ ಕಂಪ್ಯೂಟರ್‌ಗಳಲ್ಲೂ ಅದು ಸಿಗುತ್ತದೆ, ತಿರುಗುವ ಡಿಸ್ಕ್ ಓದುವ ವೇಗಕ್ಕೆ ಇಂದಿನ ಪ್ರೊಸೆಸರ್ ಅದನ್ನು ನಿರಾಯಾಸವಾಗಿ ಲೆಕ್ಕ ಹಾಕುತ್ತದೆ. ಆದರೆ ನಿಮ್ಮಲ್ಲಿ ಹಳೆಯ ಎಂಡಿ5 ಪಟ್ಟಿಯೊಂದು ಇದ್ದರೆ ದಯವಿಟ್ಟು ಅದನ್ನು ಎಸೆಯಬೇಡಿ. ಹತ್ತು ವರ್ಷದ ಹಿಂದಿನ ಎಂಡಿ5 ಪಟ್ಟಿ ಇಂದು ಬೆಳಿಗ್ಗೆ ಮಾಡಿದ ಎಸ್‌ಎಚ್‌ಎ-256 ಪಟ್ಟಿಗಿಂತ ಎಷ್ಟೋ ಪಾಲು ಬೆಲೆಬಾಳುವಂಥದ್ದು, ಏಕೆಂದರೆ ಅದಕ್ಕೆ ಹತ್ತು ವರ್ಷದ ಹಿಂದೆ ಫೈಲ್ ಹೇಗಿತ್ತು ಎಂಬುದು ಗೊತ್ತು.

ನನ್ನ ಮಾತಿನ ತಿರುಳು ಇಲ್ಲೇ ಇದೆ. ಚೆಕ್‌ಸಮ್ ಎಂದರೆ ಎರಡು ಪ್ರತಿಗಳನ್ನು ಹೋಲಿಸುವ ಸಾಧನ ಎಂದು ಹಲವರು ತಿಳಿದಿದ್ದಾರೆ. ಎರಡು ಪ್ರತಿಗಳನ್ನು ಹೋಲಿಸಲು ಚೆಕ್‌ಸಮ್ ಬೇಕಾಗಿಯೇ ಇಲ್ಲ, ಬೈಟಿಗೆ ಬೈಟು ನೇರವಾಗಿ ಹೋಲಿಸಬಹುದು. ತೊಡಕು ಇರುವುದು ಅದರ ನಂತರ. ಎರಡೂ ಬೇರೆಯಾಗಿವೆ ಎಂದು ಗೊತ್ತಾಯಿತು, ಸರಿ, ಯಾವುದನ್ನು ನಂಬಬೇಕು? ಚಿತ್ರವಾದರೆ ಕಣ್ಣಿನಿಂದ ನೋಡಿ ಹೇಳಬಹುದು. 1,000 ಮತ್ತು 9,000ಗಳ ನಡುವೆ ಯಾರು ತೀರ್ಮಾನ ಹೇಳಬೇಕು? ಫೈಲ್ ಆರೋಗ್ಯವಾಗಿದ್ದ ದಿನ ಬರೆದಿಟ್ಟ ಸಂಖ್ಯೆ ಮಾತ್ರ ಹೇಳಬಲ್ಲದು. ಮೊದಲೇ ಬರೆದಿಡುವುದರಲ್ಲಿ ಚೆಕ್‌ಸಮ್‌ನ ಶಕ್ತಿಯೆಲ್ಲ ಅಡಗಿದೆ. ಸಂಶಯ ಬಂದ ಮೇಲೆ ಲೆಕ್ಕ ಹಾಕಿದ ಚೆಕ್‌ಸಮ್‌ನಿಂದ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಇದು ಮನಸ್ಸಿಗೆ ಬರದಿದ್ದರೆ ಒಳ್ಳೆಯ ಸಾಧನವೂ ಕೇಡು ಮಾಡಬಲ್ಲದು. ಆರ್‌ಸಿಂಕ್ ಎಂಬ ನಕಲು ಸಾಧನವನ್ನು ನೋಡಿ. ಸಾಮಾನ್ಯವಾಗಿ ಅದು ಗಾತ್ರ ಮತ್ತು ದಿನಾಂಕ ಮಾತ್ರ ನೋಡಿ, ಎರಡೂ ಒಂದೇ ಆಗಿದ್ದರೆ ಆ ಫೈಲನ್ನು ಮುಟ್ಟದೆ ಮುಂದೆ ಹೋಗುತ್ತದೆ. ಮೂಲ ಸದ್ದಿಲ್ಲದೆ ಕೆಟ್ಟಿದ್ದರೆ ಬ್ಯಾಕಪ್‌ನಲ್ಲಿರುವ ಒಳ್ಳೆಯ ಪ್ರತಿ ಹಾಗಾಗಿಯೇ ಉಳಿದುಕೊಳ್ಳುತ್ತದೆ. ಇನ್ನೂ ಜಾಗರೂಕರಾಗಿರೋಣ ಎಂದು ಚೆಕ್‌ಸಮ್ ನೋಡಿ ನಕಲು ಮಾಡುವ ಆಯ್ಕೆಯನ್ನು ಕೊಟ್ಟರೆ ಆರ್‌ಸಿಂಕ್ ಎರಡೂ ಕಡೆಯ ವ್ಯತ್ಯಾಸವನ್ನು ಹಿಡಿಯುತ್ತದೆ, ಹಿಡಿದು ಕೆಟ್ಟ ಮೂಲವನ್ನು ಒಳ್ಳೆಯ ಪ್ರತಿಯ ಮೇಲೆ ಬರೆದುಬಿಡುತ್ತದೆ. ಈ ಆಯ್ಕೆಯನ್ನು ನಾನು ಬಳಸುವುದು ಏನನ್ನೂ ಬರೆಯದೆ ಪಟ್ಟಿ ಮಾತ್ರ ತೋರಿಸು ಎಂಬ ಇನ್ನೊಂದು ಆಯ್ಕೆಯ ಜೊತೆಯಲ್ಲೇ. ವ್ಯತ್ಯಾಸ ಕಂಡ ಫೈಲುಗಳನ್ನು ಹಳೆಯ ಪಟ್ಟಿಯೊಂದಿಗೆ ತಾಳೆ ನೋಡಿ, ಯಾವ ಕಡೆಯಿಂದ ಯಾವ ಕಡೆಗೆ ನಕಲು ಮಾಡಬೇಕು ಎಂದು ನಾನೇ ನಿರ್ಧರಿಸುತ್ತೇನೆ.

ಬೇಕೆಂದೇ ಬದಲಿಸಿದ ಫೈಲಿನ ಚೆಕ್‌ಸಮ್ ಕೂಡ ಬದಲಾಗುತ್ತದಲ್ಲ, ಅದನ್ನೂ ಕೆಟ್ಟದ್ದನ್ನೂ ಬೇರ್ಪಡಿಸುವುದು ಹೇಗೆ? ಬದಲಾವಣೆಯ ದಿನಾಂಕ ಇಲ್ಲಿ ನೆರವಿಗೆ ಬರುತ್ತದೆ. ತಂತ್ರಾಂಶವೊಂದು ಫೈಲನ್ನು ತಿದ್ದಿ ಉಳಿಸಿದಾಗ ಸಾಮಾನ್ಯವಾಗಿ ದಿನಾಂಕವೂ ಬದಲಾಗುತ್ತದೆ. ದಿನಾಂಕ ಹಳೆಯದೇ ಇದ್ದು ಚೆಕ್‌ಸಮ್ ಮಾತ್ರ ಬೇರೆಯಾಗಿದ್ದರೆ ಗಂಭೀರವಾಗಿ ನೋಡಬೇಕು. ಆದರೂ ನಾನು ದಿನಾಂಕವನ್ನು ಪೂರ್ತಿ ನೆಚ್ಚುವುದಿಲ್ಲ. ನನ್ನ ಫೈಲುಗಳನ್ನು ಎರಡಾಗಿ ವಿಂಗಡಿಸಿಕೊಂಡಿದ್ದೇನೆ. ಒಂದು ಕಡೆ ಇನ್ನೂ ಕೆಲಸ ನಡೆಯುತ್ತಿರುವ ಬರಹಗಳು, ಲೆಕ್ಕಗಳು. ಇನ್ನೊಂದು ಕಡೆ ಇನ್ನು ಎಂದೂ ಬದಲಾಗಬಾರದ ಫೈಲುಗಳು: ಮುಗಿದ ವರ್ಷಗಳ ಫೋಟೊಗಳು, ಸ್ಕ್ಯಾನ್ ಮಾಡಿದ ಪತ್ರಗಳು, ಈಗ ಇಲ್ಲದ ಹಿರಿಯರ ದನಿಯಿರುವ ಧ್ವನಿಮುದ್ರಣಗಳು. ಎರಡನೆಯದರಲ್ಲಿ ಯಾವ ಬದಲಾವಣೆಯೂ ತಪ್ಪೇ, ಹಾಗಾಗಿ ಅಲ್ಲಿ ಚೆಕ್‌ಸಮ್‌ನ ಮಾತಿಗೆ ಎರಡರ್ಥ ಇರುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಕೆಲವು ಫೋಟೊ ತಂತ್ರಾಂಶಗಳು ಚಿತ್ರಕ್ಕೆ ನಕ್ಷತ್ರ ಕೊಟ್ಟರೂ ಹೆಸರು ಸೇರಿಸಿದರೂ ಆ ವಿವರವನ್ನು ಫೈಲಿನ ಒಳಗೇ ಬರೆಯುತ್ತವೆ. ಚಿತ್ರ ಹಾಗೇ ಇರುತ್ತದೆ, ಚೆಕ್‌ಸಮ್ ಬದಲಾಗುತ್ತದೆ. ಆ ವಿವರವನ್ನು ಪಕ್ಕದ ಪ್ರತ್ಯೇಕ ಫೈಲಿನಲ್ಲಿ ಬರೆಯುವಂತೆ ಹೊಂದಿಸಿಕೊಳ್ಳುವುದು ಒಳ್ಳೆಯದು. ಈ ತೊಡಕನ್ನು ಫ್ಲ್ಯಾಕ್ ಎಂಬ ಧ್ವನಿ ಮಾದರಿ ಸೊಗಸಾಗಿ ಬಿಡಿಸಿದೆ. ಮೂಲ ಧ್ವನಿಯ ಎಂಡಿ5 ಅನ್ನು ಮಾತ್ರ ಫೈಲಿನ ಒಳಗೆ ಇಡುತ್ತದೆ, ಹಾಡಿನ ಹೆಸರು ತಿದ್ದಿದರೆ ಅದಕ್ಕೆ ಏನೂ ಆಗುವುದಿಲ್ಲ. ಎಲ್ಲ ಮಾದರಿಗಳನ್ನು ರೂಪಿಸಿದವರಿಗೂ ಇಷ್ಟು ಕಾಳಜಿ ಇದ್ದಿದ್ದರೆ ಎಂದು ಅನೇಕ ಸಲ ಅನಿಸಿದೆ.

ಮಾಡುವ ಬಗೆ ಕಷ್ಟದ್ದಲ್ಲ. ಲಿನಕ್ಸ್‌ನಲ್ಲಿ ಷಾ256ಸಮ್, ಮ್ಯಾಕ್‌ನಲ್ಲಿ ಷಾಸಮ್, ವಿಂಡೋಸ್‌ನಲ್ಲಿ ಪವರ್‌ಶೆಲ್‌ನ ಗೆಟ್-ಫೈಲ್‌ಹ್ಯಾಷ್ ಎಂಬ ಆಜ್ಞೆಗಳಿವೆ. ಪ್ರತಿ ಫೈಲಿನ ಹೆಸರು ಮತ್ತು ಸಂಖ್ಯೆ ಇರುವ ಪಟ್ಟಿಯೊಂದು ಸಾದಾ ಪಠ್ಯವಾಗಿ ಸಿದ್ಧವಾಗುತ್ತದೆ. ಮೊದಲ ಎರಡು ಸಾಧನಗಳಿಗೆ ಅದೇ ಪಟ್ಟಿಯನ್ನು ಮರಳಿ ಕೊಟ್ಟರೆ ಒಂದೊಂದನ್ನೂ ಓದಿ ತಾಳೆ ನೋಡಿ ವರದಿ ಕೊಡುತ್ತವೆ. ಪಟ್ಟಿಯಲ್ಲಿದ್ದು ಈಗ ಕಾಣೆಯಾಗಿರುವ ಫೈಲುಗಳನ್ನೂ ಅವು ಹೇಳುತ್ತವೆ. ಕೈತಪ್ಪಿ ಅಳಿಸಿದ ಫೈಲುಗಳು ಹೀಗೆ ಸಿಕ್ಕುವುದುಂಟು, ನನ್ನ ದೃಷ್ಟಿಯಲ್ಲಿ ಇದು ಅರ್ಧ ಪ್ರಯೋಜನ. ಪಟ್ಟಿಯನ್ನು ಫೈಲುಗಳ ಪಕ್ಕದಲ್ಲೂ ಇಡುತ್ತೇನೆ, ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕ್‌ನಲ್ಲೂ ಇಡುತ್ತೇನೆ. ಪಟ್ಟಿಯೇ ಕೆಟ್ಟರೆ ಎಂಬ ಅಂಜಿಕೆ ಬೇಡ. ಕೆಟ್ಟ ಪಟ್ಟಿ ಸುಳ್ಳು ಎಚ್ಚರಿಕೆ ಕೊಟ್ಟೀತೇ ಹೊರತು ಕೆಟ್ಟ ಫೈಲನ್ನು ಒಳ್ಳೆಯದೆಂದು ಹೇಳಲಾರದು. ಗ್ರಂಥಾಲಯಗಳೂ ದಾಖಲೆ ಭಂಡಾರಗಳೂ ಹೆಚ್ಚುಕಡಿಮೆ ಇದನ್ನೇ ಮಾಡುತ್ತವೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮತ್ತು ಕ್ಯಾಲಿಫೋರ್ನಿಯಾ ಡಿಜಿಟಲ್ ಲೈಬ್ರರಿ ಸೇರಿ ಬೆಳೆಸಿದ ಬ್ಯಾಗಿಟ್ ಎಂಬ ಪದ್ಧತಿಯಲ್ಲಿ ಇರುವುದು ಒಂದು ಫೋಲ್ಡರ್, ಪಕ್ಕದಲ್ಲಿ ಚೆಕ್‌ಸಮ್‌ಗಳ ಪಟ್ಟಿ, ಒಂದಿಷ್ಟು ವಿವರ. ಐವತ್ತು ವರ್ಷ ಬಿಟ್ಟು ಬರುವವರೂ ಯಾವ ವಿಶೇಷ ತಂತ್ರಾಂಶವೂ ಇಲ್ಲದೆ ಓದಿಕೊಳ್ಳಬಹುದಾದಷ್ಟು ಸರಳ.

ನಕಲು ಮಾಡಿದ ತಕ್ಷಣ ತಾಳೆ ನೋಡುವವರು ಒಂದು ಸಂಗತಿಯನ್ನು ನೆನಪಿಡಬೇಕು. ಈಗಷ್ಟೇ ಬರೆದ ಫೈಲ್ ಇನ್ನೂ ಕಂಪ್ಯೂಟರ್‌ನ ನೆನಪಿನಲ್ಲೇ ಇರುತ್ತದೆ, ಓದಿದಾಗ ಅಲ್ಲಿಂದಲೇ ಬರಬಹುದು. ಡಿಸ್ಕ್‌ನ ಮೇಲೆ ಏನು ಬರೆದಿದೆ ಎಂಬುದು ಆಗ ಪರೀಕ್ಷೆಯೇ ಆಗಿರುವುದಿಲ್ಲ. ಡಿಸ್ಕನ್ನು ಕ್ರಮವಾಗಿ ಕಳಚಿ, ಮತ್ತೆ ಜೋಡಿಸಿ, ಆಮೇಲೆ ತಾಳೆ ನೋಡಬೇಕು. ಹೀಗೆ ನೋಡಿದ್ದರಿಂದಲೇ ನನ್ನ ಬಳಿಯ ಒಂದು ಯುಎಸ್‌ಬಿ ಕೇಬಲ್‌ನ ಬಣ್ಣ ಬಯಲಾಯಿತು. ಆ ಕೇಬಲ್‌ನಲ್ಲಿ ನಕಲು ಮಾಡಿದಾಗ ದೊಡ್ಡ ವಿಡಿಯೊಗಳು ಆಗೊಮ್ಮೆ ಈಗೊಮ್ಮೆ ತಾಳೆಯಾಗುತ್ತಿರಲಿಲ್ಲ, ಕೇಬಲ್ ಬದಲಿಸಿದ ಮೇಲೆ ಒಂದೂ ತಪ್ಪಲಿಲ್ಲ. ನಕಲಿನ ಹೊತ್ತಿಗೆ ಒಂದು ದೋಷ ಸಂದೇಶವೂ ಬಂದಿರಲಿಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ. ಇರುವುದಕ್ಕಿಂತ ಹೆಚ್ಚು ಗಾತ್ರ ಇದೆಯೆಂದು ಹೇಳಿಕೊಳ್ಳುವ ನಕಲಿ ಪೆನ್ ಡ್ರೈವ್‌ಗಳೂ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ. ಫೈಲುಗಳ ಹೆಸರುಗಳೆಲ್ಲ ಅದರಲ್ಲಿ ಕಾಣುತ್ತಿರುತ್ತವೆ, ಒಳಗೆ ಮಾಹಿತಿ ಇರುವುದಿಲ್ಲ.

ಡಿಸ್ಕ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ಕಡತ ವ್ಯವಸ್ಥೆಯೇ ಈ ಹೊಣೆ ಹೊರಬಾರದೇ? ಹೊರುವಂಥವು ಇವೆ. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಜೆಫ್ ಬಾನ್‌ವಿಕ್ ಮತ್ತು ಮ್ಯಾಥ್ಯೂ ಆರೆನ್ಸ್ ಮುಂತಾದವರು ಕಟ್ಟಿದ, 2005ರಲ್ಲಿ ಹೊರಬಂದ ಝಡ್‌ಎಫ್‌ಎಸ್ ಪ್ರತಿ ತುಣುಕಿನ ಚೆಕ್‌ಸಮ್ಮನ್ನೂ ಆ ತುಣುಕಿನಿಂದ ಬೇರೆಯಾದ ಜಾಗದಲ್ಲಿಟ್ಟು, ಓದುವಾಗಲೆಲ್ಲ ತಾಳೆ ನೋಡುತ್ತದೆ. ಇನ್ನೊಂದು ಪ್ರತಿ ಇದ್ದರೆ ಅದರಿಂದ ತಾನೇ ಸರಿಪಡಿಸಿಕೊಳ್ಳುತ್ತದೆ. ಬಿಟಿಆರ್‌ಎಫ್‌ಎಸ್ ಕೂಡ ಇದೇ ಹಾದಿಯದ್ದು. ಆದರೆ ಹೆಚ್ಚಿನವರ ಕಂಪ್ಯೂಟರ್‌ಗಳಲ್ಲಿ ಇರುವುದು ಎನ್‌ಟಿಎಫ್‌ಎಸ್, ಎಪಿಎಫ್‌ಎಸ್, ಎಕ್ಸ್‌ಟಿ4. ಇವು ನಮ್ಮ ಫೈಲುಗಳ ಒಳಗಿನ ಮಾಹಿತಿಗೆ ಚೆಕ್‌ಸಮ್ ಇಡುವುದಿಲ್ಲ. ಝಡ್‌ಎಫ್‌ಎಸ್ ಇದ್ದವರೂ ಫೈಲನ್ನು ಬೇರೆ ಡಿಸ್ಕ್‌ಗೋ ಕ್ಲೌಡ್‌ಗೋ ಕಳಿಸಿದ ಕ್ಷಣ ಆ ರಕ್ಷಣೆ ಹಿಂದೆಯೇ ಉಳಿಯುತ್ತದೆ. ಸಾದಾ ಪಟ್ಟಿ ಮಾತ್ರ ಫೈಲುಗಳ ಜೊತೆ ಎಲ್ಲಿಗೆ ಬೇಕಾದರೂ ಹೋಗುತ್ತದೆ. ರೆಸ್ಟಿಕ್, ಬೋರ್ಗ್ ಮುಂತಾದ ಬ್ಯಾಕಪ್ ಸಾಧನಗಳು ಒಳಗೇ ಚೆಕ್‌ಸಮ್ ಇಟ್ಟುಕೊಳ್ಳುತ್ತವೆ. ಆದರೆ ರೆಸ್ಟಿಕ್‌ನ ಮಾಮೂಲಿ ತಪಾಸಣೆ ಭಂಡಾರದ ರಚನೆಯನ್ನು ನೋಡುತ್ತದೆ, ದತ್ತಾಂಶವನ್ನೆಲ್ಲ ಓದಿ ನೋಡಬೇಕಾದರೆ ಹಾಗೆಂದು ಬೇರೆಯಾಗಿ ಹೇಳಬೇಕು. ಬೋರ್ಗ್‌ನಲ್ಲೂ ಪೂರ್ಣ ಪರಿಶೀಲನೆಗೆ ಬೇರೆ ಆಯ್ಕೆ ಇದೆ. ಸಮಯ ಹಿಡಿಯುತ್ತದೆ, ಆದರೂ ಆಗಾಗ ಮಾಡಲೇಬೇಕು.

ಚೆಕ್‌ಸಮ್ ಹೇಳಲಾರದ್ದೂ ಇದೆ. ಪಟ್ಟಿ ಮಾಡಿದ ದಿನವೇ ಫೈಲ್ ಕೆಟ್ಟಿದ್ದರೆ ಆ ಕೆಟ್ಟ ಸ್ಥಿತಿಗೇ ಅದು ಸಾಕ್ಷಿ ಹೇಳುತ್ತಾ ಹೋಗುತ್ತದೆ. ಪಟ್ಟಿಗೆ ಸೇರಿಸುವ ಮುನ್ನ ಫೈಲುಗಳನ್ನು ತೆರೆದು ನೋಡುವ ಕೆಲಸವನ್ನು ಯಾವ ಗಣಿತವೂ ನಮಗಾಗಿ ಮಾಡಿಕೊಡುವುದಿಲ್ಲ. ಒಂದು ಚಿಕ್ಕ ಉಪಾಯ ಮಾತ್ರ ಇದೆ. ಏನೂ ಇಲ್ಲದ ಸೊನ್ನೆ ಬೈಟಿನ ಫೈಲುಗಳಿಗೆಲ್ಲ ಎಸ್‌ಎಚ್‌ಎ-256 ಸಂಖ್ಯೆ ಒಂದೇ, ಅದು ಶುರುವಾಗುವುದು ಇ3ಬಿ0ಸಿ442 (e3b0c442) ಎಂದು. ಪಟ್ಟಿಯಲ್ಲಿ ಇದನ್ನು ಹುಡುಕಿದರೆ ಅರ್ಧಕ್ಕೆ ನಿಂತ ವರ್ಗಾವಣೆಗಳಿಂದ ಉಳಿದ ಟೊಳ್ಳು ಫೈಲುಗಳು ಒಟ್ಟಿಗೆ ಸಿಕ್ಕುತ್ತವೆ.

ಕೆಟ್ಟಿದೆ ಎಂದು ಹೇಳುವುದಷ್ಟೇ ಚೆಕ್‌ಸಮ್‌ನ ಕೆಲಸ, ರಿಪೇರಿಗೆ ಬೇರೆ ಏರ್ಪಾಡು ಬೇಕು. ಇನ್ನೊಂದು ಒಳ್ಳೆಯ ಪ್ರತಿ ಇದ್ದರೆ ಅಲ್ಲಿಂದ ತರುವುದು ಸುಲಭ. ತೀರ ಮುಖ್ಯವಾದ ಫೋಲ್ಡರ್‌ಗಳಿಗೆ ನಾನು ಪಾರ್2 ಎಂಬ ಸಾಧನದಿಂದ ಹತ್ತನೇ ಒಂದು ಪಾಲಿನಷ್ಟು ಹೆಚ್ಚುವರಿ ಮಾಹಿತಿ ಮಾಡಿಡುತ್ತೇನೆ. ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ 1960ರಲ್ಲಿ ಪ್ರಕಟಿಸಿದ ಗಣಿತವೇ ಇದಕ್ಕೂ ಆಧಾರ. ಗೀರುಬಿದ್ದ ಸಿಡಿಯನ್ನು ಹಾಡಿಸುವುದೂ ಮಸುಕಾದ ಕ್ಯೂಆರ್ ಕೋಡ್ ಓದಿಸುವುದೂ ಅದೇ. ಹಾಳಾದ ಭಾಗ ಆ ಹತ್ತನೇ ಒಂದು ಪಾಲಿನ ಮಿತಿಯೊಳಗಿದ್ದರೆ ಇನ್ನೊಂದು ಪ್ರತಿಯ ಹಂಗಿಲ್ಲದೆ ಮೂಲ ಬೈಟುಗಳೇ ಮರಳುತ್ತವೆ.

ಎಲ್ಲ ಪ್ರತಿಗಳೂ ತಾಳೆ ತಪ್ಪಿ, ಪಾರ್2 ಕೂಡ ಇಲ್ಲದಿದ್ದರೆ? ಆಗಲೂ ಫೈಲನ್ನು ಅಳಿಸಬೇಡಿ. ತಾಳೆ ತಪ್ಪಿದೆ ಎಂದರೆ ಎಲ್ಲೋ ಒಂದು ಬಿಟ್ಟಾದರೂ ಬೇರೆಯಾಗಿದೆ ಎಂದು ಮಾತ್ರ ಅರ್ಥ. ವಿಡಿಯೊ ಆಗಿದ್ದರೆ ಒಂದೆರಡು ಕ್ಷಣ ಕಲಕಿ ಮುಂದೆ ಸರಿಹೋಗಬಹುದು. ಜಿಪ್ ಆಗಿದ್ದರೆ ಒಳಗಿನ ಒಂದು ಫೈಲ್ ಬಿಟ್ಟು ಉಳಿದವು ಚೆನ್ನಾಗಿ ಹೊರಬರಬಹುದು. ಜೆಪೆಗ್ ಆಗಿದ್ದರೆ ಕ್ಯಾಮೆರಾ ಒಳಗೆ ಸೇರಿಸಿಟ್ಟ ಪುಟ್ಟ ಚಿತ್ರ ಉಳಿದಿರುವ ಸಾಧ್ಯತೆ ಇದೆ. ಎರಡು ಪ್ರತಿಗಳು ಬೇರೆ ಬೇರೆ ಜಾಗದಲ್ಲಿ ಕೆಟ್ಟಿದ್ದರೆ ಇನ್ನೂ ಒಳ್ಳೆಯದು. ಅವು ಬೇರೆಯಾಗುವ ಬೈಟುಗಳನ್ನಷ್ಟೇ ಹುಡುಕಿ, ಒಂದರಿಂದ ಇಷ್ಟು ಇನ್ನೊಂದರಿಂದ ಅಷ್ಟು ತೆಗೆದುಕೊಂಡು ಜೋಡಿಸಬಹುದು. ಜೋಡಣೆ ಸರಿಯಾಯಿತೇ ಎಂಬುದನ್ನು ಹಳೆಯ ಪಟ್ಟಿಯ ಆ 64 ಅಕ್ಷರಗಳೇ ಹೇಳುತ್ತವೆ. ಅದೂ ಆಗದಿದ್ದರೆ ಈಗಿನ ಸ್ಥಿತಿಗೆ ಹೊಸ ಚೆಕ್‌ಸಮ್ ಬರೆದು, ಪಕ್ಕದಲ್ಲಿ ದಿನಾಂಕವನ್ನೂ ಇಂಥ ಭಾಗ ಹಾಳಾಗಿದೆ ಎಂಬ ಒಂದು ಸಾಲನ್ನೂ ಸೇರಿಸಿ, ಹಳೆಯ ಸಂಖ್ಯೆಯನ್ನು ಅಳಿಸದೆ ಹಾಗೇ ಬಿಡುತ್ತೇನೆ. ಇನ್ನೊಂದು ಪ್ರತಿ ಬೇರೆ ಯಾರ ಬಳಿಯಾದರೂ ಸಿಕ್ಕರೆ ಅದನ್ನು ಪರೀಕ್ಷಿಸಲು ಆ ಹಳೆಯ ಸಂಖ್ಯೆಯೇ ಬೇಕಾಗುತ್ತದೆ.